ಬಬಲ್ ಹತ್ತಿರದ ಕಷ್ಟದ ನಿರ್ಧಾರಗಳು: ಪೋಕರ್ ಟೂರ್ನಮೆಂಟ್ ಆಡುವವರಿಗೆ ಸಮಗ್ರ ಮಾರ್ಗದರ್ಶಿ

46 ಜನ ಉಳಿದಿದ್ದಾರೆ, ಬಹುಮಾನ ಇರುವುದು 45 ಜನಕ್ಕೆ. ನಿಮ್ಮ ಕೈಯಲ್ಲಿ ಏಸ್-ಕಿಂಗ್. ಮೇಜಿನಲ್ಲೇ ದೊಡ್ಡ ಸ್ಟ್ಯಾಕ್ (ಚಿಪ್ಸ್ ರಾಶಿ) ಇರುವವರು ಎಲ್ಲ ಚಿಪ್ಸ್ ಮುಂದಕ್ಕೆ ತಳ್ಳಿ ನಿಮ್ಮ ಮುಖ ನೋಡುತ್ತಿದ್ದಾರೆ. ಆಟ ಶುರುವಾದ ಮೊದಲ ಗಂಟೆಯಲ್ಲಿ ಇದೇ ಎಲೆ ಬಂದಿದ್ದರೆ ನೀವು ಜಾಸ್ತಿ ಯೋಚಿಸುತ್ತಿರಲಿಲ್ಲ. ಈಗ ಯೋಚಿಸಲೇಬೇಕು. ಇಲ್ಲಿ ಗೆದ್ದರೆ ಸಿಗುವುದಕ್ಕಿಂತ ಸೋತರೆ ಹೋಗುವುದು ಜಾಸ್ತಿ. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕಬಹುದು. ಆ ಲೆಕ್ಕ ಬಹುಮಟ್ಟಿಗೆ ಮೇಜಿನ ಸುತ್ತ ಯಾರ ಹತ್ತಿರ ಎಷ್ಟು ಚಿಪ್ಸ್ ಇದೆ ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಎಲೆಯ ಮಾತು ಆಮೇಲೆ.

ನೋ-ಲಿಮಿಟ್ ಹೋಲ್ಡೆಮ್ ಆಡಲು ಬರುತ್ತದೆ, ಬ್ಲೈಂಡ್, ಬಟನ್, ಆಲ್-ಇನ್ ಎಲ್ಲ ಗೊತ್ತು ಅಂದುಕೊಂಡೇ ಬರೆಯುತ್ತಿದ್ದೇನೆ.

ಇನ್ನೊಬ್ಬರೋ ಇಬ್ಬರೋ ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಗ್ಯಾರಂಟಿ ಅನ್ನುವ ಹಂತವೇ ಬಬಲ್. ಸಾಮಾನ್ಯವಾಗಿ ಸೇರಿದವರಲ್ಲಿ 100ಕ್ಕೆ 10ರಿಂದ 15 ಜನಕ್ಕೆ ದುಡ್ಡು ಸಿಗುತ್ತದೆ. ಆದರೆ ಒತ್ತಡ ಶುರುವಾಗುವುದು ಕೊನೇ ಒಬ್ಬರಿದ್ದಾಗ ಅಲ್ಲ. 45 ಜಾಗ ಇದ್ದು 55 ಜನ ಉಳಿದಾಗಲೇ ಮೇಜಿನಲ್ಲಿ ಮಾತು ಕಡಿಮೆಯಾಗುತ್ತದೆ, ಜನ ಎದ್ದು ಹೋಗಿ ಪಕ್ಕದ ಮೇಜು ಇಣುಕಲು ಶುರು ಮಾಡುತ್ತಾರೆ. ನಿಮ್ಮ ತಯಾರಿ ಅಷ್ಟೊತ್ತಿಗೆ ಮುಗಿದಿರಬೇಕು.

ಮೊದಲ ಹೆಜ್ಜೆ: ಎಲೆ ನೋಡುವ ಮೊದಲು ಎಣಿಸಿ

ನಾಲ್ಕು ಸಂಖ್ಯೆ ತಲೆಯಲ್ಲಿರಲಿ. ಎಷ್ಟು ಜನ ಉಳಿದಿದ್ದಾರೆ, ಎಷ್ಟು ಜನಕ್ಕೆ ಬಹುಮಾನ, ನಿಮ್ಮ ಹತ್ತಿರ ಎಷ್ಟು ಬಿಗ್ ಬ್ಲೈಂಡ್ ಇದೆ, ಮತ್ತು ನಿಮಗಿಂತ ಚಿಕ್ಕ ಸ್ಟ್ಯಾಕ್ ಇರುವವರು ಎಷ್ಟು ಜನ. ಆನ್‌ಲೈನ್‌ನಲ್ಲಾದರೆ ಲಾಬಿ ತೆರೆದರೆ ಎಲ್ಲ ಸಿಗುತ್ತದೆ. ಎದುರು-ಬದುರು ಕೂತು ಆಡುವಾಗ ಬ್ರೇಕ್‌ನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸುಮ್ನೆ ನಡೆದಾಡಿದ ಹಾಗೆ ಕಂಡರೂ ಪರವಾಗಿಲ್ಲ, ಎಲ್ಲರೂ ಮಾಡುವುದು ಅದನ್ನೇ.

ನಾಲ್ಕನೇ ಸಂಖ್ಯೆ ಬಹಳ ಮುಖ್ಯ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ಆ ಚಿಕ್ಕವರಿಗೆ ಬ್ಲೈಂಡ್ ಯಾವಾಗ ಬರುತ್ತದೆ? ಒಬ್ಬರ ಹತ್ತಿರ 2 ಬಿಗ್ ಬ್ಲೈಂಡ್ ಇದೆ, ಮುಂದಿನ ಹ್ಯಾಂಡ್‌ನಲ್ಲಿ ಅವರೇ ಬಿಗ್ ಬ್ಲೈಂಡ್ ಅಂದರೆ, ಅವರು ಹೆಚ್ಚುಕಮ್ಮಿ ಆಲ್-ಇನ್ ಆದ ಹಾಗೆಯೇ. ನಿಮ್ಮ ಹತ್ತಿರ 5 ಇದ್ದು, ಬ್ಲೈಂಡ್ ಬರಲು ಇನ್ನೂ ಆರು ಹ್ಯಾಂಡ್ ಇದ್ದರೆ ನಿಮ್ಮ ಸ್ಥಿತಿ ಅಂಕಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ವಾಸಿ. ಈ ಕಾಲದ ಬಹಳಷ್ಟು ಟೂರ್ನಮೆಂಟ್‌ಗಳಲ್ಲಿ ಬಿಗ್ ಬ್ಲೈಂಡ್‌ನವರೇ ಇಡೀ ಮೇಜಿನ ಆಂಟಿಯನ್ನೂ (ಎಲೆ ಹಂಚುವ ಮೊದಲೇ ಪಾಟ್‌ಗೆ ಹಾಕಬೇಕಾದ ಚಿಪ್ಸ್) ಕಟ್ಟುತ್ತಾರೆ. ಹಾಗಾಗಿ ಆ ಒಂದು ಹ್ಯಾಂಡ್‌ಗೆ ಎರಡು ಬ್ಲೈಂಡ್‌ನಷ್ಟು ಖರ್ಚು. 5 ಇದ್ದವರು ಒಂದೇ ಹ್ಯಾಂಡ್‌ಗೆ 3ಕ್ಕೆ ಇಳಿಯುತ್ತಾರೆ.

ಎರಡನೇ ಹೆಜ್ಜೆ: ಚಿಪ್ಸ್ ಅಲ್ಲ, ಅದರ ಬೆಲೆ ನೋಡಿ

ಕ್ಯಾಶ್ ಗೇಮ್‌ನಲ್ಲಿ ಚಿಪ್ಸ್ ಅಂದರೆ ದುಡ್ಡೇ. ಟೂರ್ನಮೆಂಟ್‌ನಲ್ಲಿ ಹಾಗಲ್ಲ. ಎಲ್ಲ ಚಿಪ್ಸ್ ನಿಮ್ಮ ಮುಂದೆ ಬಂದು ಬಿದ್ದರೂ ನಿಮಗೆ ಸಿಗುವುದು ಮೊದಲ ಬಹುಮಾನ ಮಾತ್ರ, ಪೂರ್ತಿ ಬಹುಮಾನದ ಹಣ ಅಲ್ಲ. ಹಾಗಾಗಿ ಸ್ಟ್ಯಾಕ್ ದೊಡ್ಡದಾದಷ್ಟೂ ಹೊಸದಾಗಿ ಸೇರುವ ಒಂದೊಂದು ಚಿಪ್‌ನ ಬೆಲೆ ಇಳಿಯುತ್ತದೆ. ಇದನ್ನು ಲೆಕ್ಕಕ್ಕೆ ಇಳಿಸುವ ವಿಧಾನಕ್ಕೆ ಆಟಗಾರರು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ. ಇದರ ಹಿಂದಿರುವ ಸೂತ್ರ ಮೊದಲು ಬಂದಿದ್ದು ಪೋಕರ್‌ಗಲ್ಲ. ಡೇವಿಡ್ ಹಾರ್ವಿಲ್ ಅನ್ನುವವರು 1973ರಲ್ಲಿ ಕುದುರೆ ರೇಸಿನಲ್ಲಿ ಎರಡನೇ, ಮೂರನೇ ಸ್ಥಾನದ ಸಾಧ್ಯತೆ ಲೆಕ್ಕ ಹಾಕಲು ಬರೆದದ್ದು. 1980ರ ದಶಕದಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರ್‌ಗೆ ತಂದರು.

ಲೆಕ್ಕ ಹೀಗೆ: ಮೊದಲ ಸ್ಥಾನ ಬರುವ ಸಾಧ್ಯತೆ ಅಂದರೆ ಒಟ್ಟು ಚಿಪ್ಸ್‌ನಲ್ಲಿ ನಿಮ್ಮ ಪಾಲು. ಆಮೇಲೆ ಗೆದ್ದವರನ್ನು ಪಕ್ಕಕ್ಕಿಟ್ಟು, ಉಳಿದವರಲ್ಲಿ ಅದೇ ರೀತಿ ಎರಡನೇ ಸ್ಥಾನ, ಮತ್ತೆ ಮೂರನೇ ಸ್ಥಾನ.

ಒಂದು ಚಿಕ್ಕ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ನಾಲ್ಕು ಜನ ಉಳಿದಿದ್ದಾರೆ, ಒಟ್ಟು ಬಹುಮಾನ 100, ಅದು ಮೂರು ಜನಕ್ಕೆ: 50, 30, 20. ಎಲ್ಲರ ಹತ್ತಿರ ತಲಾ 10 ಬಿಗ್ ಬ್ಲೈಂಡ್. ಎಲ್ಲರೂ ಸಮ ಆದ್ದರಿಂದ ಒಬ್ಬೊಬ್ಬರ ಪಾಲು 25. ಈಗ ಇಬ್ಬರು ಆಲ್-ಇನ್ ಆದರು ಅಂದುಕೊಳ್ಳಿ. ಗೆದ್ದವರ ಹತ್ತಿರ ಅರ್ಧ ಚಿಪ್ಸ್ ಬಂತು. ಅವರ ಪಾಲು 50 ಆಯಿತಾ? ಇಲ್ಲ, 38.33 ಅಷ್ಟೇ. ಚಿಪ್ಸ್ ಎರಡರಷ್ಟಾಯಿತು, ಬೆಲೆ ಒಂದೂವರೆಯಷ್ಟಾಯಿತು. ಅಂದರೆ 13.33 ಗಳಿಸಲು 25 ಪಣಕ್ಕಿಟ್ಟ ಹಾಗಾಯಿತು. ಸಮಸಮ ಆಗಬೇಕಾದರೂ ಅವರು 100ರಲ್ಲಿ 65 ಸಲ ಗೆಲ್ಲಬೇಕು.

ಸೋತವರ 25ರಲ್ಲಿ ಉಳಿದ 11.67 ಎಲ್ಲಿ ಹೋಯಿತು? ಸುಮ್ಮನೆ ಕೂತು ನೋಡುತ್ತಿದ್ದ ಇನ್ನಿಬ್ಬರಿಗೆ. ತಲಾ 5.83, ಒಂದು ಚಿಪ್ಪನ್ನೂ ಮುಂದೆ ಇಡದೆ. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅನ್ನುತ್ತಾರಲ್ಲ, ಬಬಲ್‌ನಲ್ಲಿ ಅದು ಅಂಕಿ ಸಮೇತ ಸಿಗುತ್ತದೆ. ಬೇರೆ ಇಬ್ಬರು ಗುದ್ದಾಡುವಾಗ ಮಧ್ಯದಲ್ಲಿ ತಲೆ ಹಾಕದಿರುವುದು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾಗಿಲ್ಲ.

ಮೇಜಿನಲ್ಲಿ ಕೂತು ಈ ಲೆಕ್ಕ ಹಾಕಲು ಆಗುವುದಿಲ್ಲ, ಯಾರೂ ಹಾಕುವುದಿಲ್ಲ. ಮನೆಯಲ್ಲಿ ಐಸಿಎಂ ಕ್ಯಾಲ್ಕುಲೇಟರ್‌ನಲ್ಲಿ ಒಂದಷ್ಟು ಸ್ಟ್ಯಾಕ್‌ಗಳನ್ನು ಹಾಕಿ ನೋಡಿದರೆ ಅಂದಾಜು ಕೂರುತ್ತದೆ, ಅಷ್ಟು ಸಾಕು. ಐಸಿಎಂಗೆ ಕೆಲವು ವಿಷಯ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ. ಮುಂದಿನ ಹ್ಯಾಂಡ್‌ನಲ್ಲಿ ಬ್ಲೈಂಡ್ ನಿಮಗೆ ಬರುತ್ತದಾ, ಎದುರಾಳಿ ಜಾಣರಾ, ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ಸೇರಿಸಿಕೊಳ್ಳಬೇಕು.

ಮೂರನೇ ಹೆಜ್ಜೆ: ನಿಮ್ಮನ್ನು ಹೊರಗೆ ಹಾಕಬಲ್ಲವರು ಯಾರು?

ಈಗ ಅದೇ ನಾಲ್ಕು ಜನ, ಅದೇ 50-30-20. ಆದರೆ ಸ್ಟ್ಯಾಕ್ ಬೇರೆ ಬೇರೆ: ದೊಡ್ಡವರ ಹತ್ತಿರ 20, ನಿಮ್ಮ ಹತ್ತಿರ 10, ಪಕ್ಕದವರ ಹತ್ತಿರ 8, ಚಿಕ್ಕವರ ಹತ್ತಿರ 2.

ಬಹುಮಾನದ ಪಾಲು ಲೆಕ್ಕ ಹಾಕಿದರೆ ದೊಡ್ಡವರದ್ದು 37.6, ನಿಮ್ಮದು 28.7, ಪಕ್ಕದವರದ್ದು 25.8, ಚಿಕ್ಕವರದ್ದು 7.9. ದೊಡ್ಡವರ ಹತ್ತಿರ ಅರ್ಧ ಚಿಪ್ಸ್ ಇದ್ದರೂ ಪಾಲು ಅರ್ಧಕ್ಕಿಂತ ಎಷ್ಟೋ ಕಡಿಮೆ. ಚಿಕ್ಕವರ ಹತ್ತಿರ 100ಕ್ಕೆ 5 ಚಿಪ್ಸ್, ಪಾಲು ಮಾತ್ರ ಸುಮಾರು 8.

ದೊಡ್ಡವರು ಆಲ್-ಇನ್ ಅಂದರು. ನೀವು ಬ್ಲೈಂಡ್‌ನಲ್ಲಿಲ್ಲ, ಫೋಲ್ಡ್ ಮಾಡಿದರೆ ಏನೂ ಹೋಗುವುದಿಲ್ಲ. ಕಾಲ್ ಮಾಡಿ ಗೆದ್ದರೆ ನಿಮ್ಮ ಪಾಲು 28.7ರಿಂದ 37.6ಕ್ಕೆ ಏರುತ್ತದೆ. ಸೋತರೆ ಸೊನ್ನೆ. ಸುಮಾರು 9 ಗಳಿಸಲು 28.7 ಪಣ. ಬ್ಲೈಂಡ್‌ಗಳನ್ನು ಲೆಕ್ಕದಿಂದ ಬಿಟ್ಟರೆ 100ಕ್ಕೆ 76 ಸಲ ಗೆಲ್ಲಬೇಕು.

ಇದನ್ನು ಸ್ವಲ್ಪ ನಿಂತು ನೋಡಿ. ಎದುರಿನವರು ಎಲೆಯನ್ನೇ ನೋಡದೆ ತಳ್ಳಿದ್ದಾರೆ ಅಂತ ನಿಮಗೆ ಖಂಡಿತ ಗೊತ್ತಿದ್ದರೂ, ಜೋಡಿ 9 ಇಟ್ಟುಕೊಂಡು ನೀವು ಗೆಲ್ಲುವುದು ಸುಮಾರು 72 ಸಲ. ಜೋಡಿ 10 ಆದರೆ 75. ಎರಡೂ ಸಾಲದು. ಏಸ್-ಕಿಂಗ್ ಬೇರೆ ಬೇರೆ ಸೂಟ್ ಆದರೆ 65ರ ಹತ್ತಿರ, ಅದಂತೂ ದೂರವೇ ಉಳಿಯಿತು. ಏಸ್-ಕಿಂಗ್ ಫೋಲ್ಡ್ ಮಾಡಿದರೆ ಪುಕ್ಕಲು ಅಂತ ನಗುವವರಿದ್ದಾರೆ. ನಗಲಿ ಬಿಡಿ.

ಈಗ ಅದೇ ಪಾಟ್ ದೊಡ್ಡವರ ಕಡೆಯಿಂದ ಹೇಗೆ ಕಾಣುತ್ತದೆ? ಸೋತರೆ ಅವರ ಪಾಲು 28.7ಕ್ಕೆ ಇಳಿಯುತ್ತದೆ, ಗೆದ್ದರೆ ಸುಮಾರು 44.8ಕ್ಕೆ ಏರುತ್ತದೆ. ಹೋಗುವುದು 9, ಬರುವುದು 7. ಅವರಿಗೆ 56 ಸಲ ಗೆದ್ದರೆ ಸಾಕು. ಒಂದೇ ಮೇಜು, ಒಂದೇ ಪಾಟ್, ಅವರಿಗೆ ನೆಗಡಿ, ನಿಮಗೆ ನ್ಯುಮೋನಿಯಾ. ದೊಡ್ಡ ಸ್ಟ್ಯಾಕ್‌ನವರು ಬಬಲ್‌ನಲ್ಲಿ ಎಲ್ಲರ ಮೇಲೂ ಏರಿ ಬರುವುದು ಕೊಬ್ಬಿನಿಂದಲ್ಲ, ಈ ಅಂತರದಿಂದ.

ಹಾಗಾದರೆ ಮೇಜಿನಲ್ಲಿ ಕೂತ ತಕ್ಷಣ ಒಂದು ನಕ್ಷೆ ಮಾಡಿಕೊಳ್ಳಿ. ನಿಮಗಿಂತ ಜಾಸ್ತಿ ಚಿಪ್ಸ್ ಇರುವವರು ಯಾರು, ಅವರು ನಿಮ್ಮ ಎಡಕ್ಕಿದ್ದಾರಾ ಬಲಕ್ಕಿದ್ದಾರಾ? ಎಡಕ್ಕಿದ್ದರೆ ನೀವು ರೈಸ್ ಮಾಡಿದಾಗಲೆಲ್ಲ ಅವರು ನಿಮ್ಮ ನಂತರ ಆಡುತ್ತಾರೆ. ಆಗ ನೀವು ಕದಿಯಲು (ಒಳ್ಳೆಯ ಎಲೆ ಇಲ್ಲದೆಯೂ ರೈಸ್ ಮಾಡಿ ಬ್ಲೈಂಡ್ ಎತ್ತಲು) ಹೊರಡುವ ಕೈಗಳನ್ನು ಕಡಿಮೆ ಮಾಡಬೇಕು. ನಿಮಗಿಂತ ಕಡಿಮೆ ಚಿಪ್ಸ್ ಇರುವವರು ಬ್ಲೈಂಡ್‌ನಲ್ಲಿದ್ದಾಗ ನೀವೇ ದೊಡ್ಡವರು. ಅವರ ಬ್ಲೈಂಡ್ ಎತ್ತುವ ಅವಕಾಶ ಬಿಡಬೇಡಿ.

ನಾಲ್ಕನೇ ಹೆಜ್ಜೆ: ತಳ್ಳುವುದು ಒಂದು ಲೆಕ್ಕ, ಕಾಲ್ ಮಾಡುವುದು ಇನ್ನೊಂದು

ಇಷ್ಟೆಲ್ಲ ಓದಿ "ಹಾಗಾದರೆ ಬಾಗಿಲು ಹಾಕಿಕೊಂಡು ಕೂರೋಣ" ಅಂದುಕೊಂಡರೆ ಅರ್ಧ ಮಾತ್ರ ಅರ್ಥವಾಗಿದೆ. ಕಾಲ್ ಮಾಡುವವರಿಗೆ ಕಷ್ಟ ಅಂದರೆ, ಮೊದಲು ತಳ್ಳಿದವರಿಗೆ ಅದೇ ಅನುಕೂಲ.

ಎಲ್ಲರ ಹತ್ತಿರ 10 ಇದ್ದ ಮೊದಲ ಉದಾಹರಣೆಗೆ ಮರಳೋಣ. ಎಲ್ಲರೂ ಫೋಲ್ಡ್, ಸ್ಮಾಲ್ ಬ್ಲೈಂಡ್‌ನವರು ಆಲ್-ಇನ್. ಬಿಗ್ ಬ್ಲೈಂಡ್‌ನವರು ಆಗಲೇ 1 ಹಾಕಿದ್ದಾರೆ, ಇನ್ನು 9 ಹಾಕಿದರೆ 20ರ ಪಾಟ್. ಚಿಪ್ಸ್ ಲೆಕ್ಕದಲ್ಲಿ 100ಕ್ಕೆ 45 ಸಲ ಗೆದ್ದರೆ ಸಾಕು. ಬಹುಮಾನದ ಲೆಕ್ಕದಲ್ಲಿ? ಫೋಲ್ಡ್ ಮಾಡಿ 9 ಉಳಿಸಿಕೊಂಡರೆ ಅವರ ಪಾಲು 23.3, ಕಾಲ್ ಮಾಡಿ ಗೆದ್ದರೆ 38.3. ಹಾಗಾಗಿ 61 ಸಲ ಗೆಲ್ಲಬೇಕು. ಎದುರಿನವರು ಯಾವ ಎರಡು ಎಲೆ ಬಂದರೂ ತಳ್ಳುವವರು ಅಂತಾದರೂ, ಜೋಡಿ 4 ಗೆಲ್ಲುವುದು ಸುಮಾರು 57, ಕ್ವೀನ್-ಜ್ಯಾಕ್ ಸುಮಾರು 58. ಎರಡೂ ಫೋಲ್ಡ್! ಜೋಡಿ 6, ಏಸ್-10, ಕಿಂಗ್-ಕ್ವೀನ್ ಇಂಥವು ಮಾತ್ರ ದಾಟುತ್ತವೆ. ಸರಿಯಾಗಿ ಆಡುವವರು ಅಲ್ಲಿ ಹತ್ತಿರ ಹತ್ತಿರ ಎಂಟು ಕೈಯಲ್ಲಿ ಒಂದನ್ನಷ್ಟೇ ಕಾಲ್ ಮಾಡುತ್ತಾರೆ. ಉಳಿದ ಏಳು ಸಲ ಸ್ಮಾಲ್ ಬ್ಲೈಂಡ್‌ನವರು ಪಾಟನ್ನು ಎತ್ತಿ ಜೋಡಿಸಿಕೊಳ್ಳುತ್ತಾರೆ. ಕೈಯಲ್ಲಿ 7-2 ಇದ್ದರೂ ಸರಿ.

ಇದರಿಂದ ಮೇಜಿನಲ್ಲಿ ನೇರವಾಗಿ ಬಳಸಬಹುದಾದ ನಿಯಮ ಇದು: ಆಡಲೇಬೇಕು ಅನ್ನಿಸುವ ಕೈ ಬಂದರೆ ಆಲ್-ಇನ್ ಮಾತು ಮೊದಲು ನಿಮ್ಮ ಬಾಯಿಂದ ಬರಲಿ. 12 ಬಿಗ್ ಬ್ಲೈಂಡ್ ಇಟ್ಟುಕೊಂಡು ಏಸ್-ಜ್ಯಾಕ್ ತಳ್ಳುವುದು ಒಳ್ಳೆಯ ಆಟ, ಅದೇ ಏಸ್-ಜ್ಯಾಕ್‌ನಲ್ಲಿ ಬೇರೆಯವರ ಆಲ್-ಇನ್ ಕಾಲ್ ಮಾಡುವುದು ಎಷ್ಟೋ ಸಲ ಕೆಟ್ಟ ಆಟ.

ಒಂದು ಷರತ್ತು ಇದೆ, ಅದು ದೊಡ್ಡದು. ಎದುರಿನವರಿಗೆ ಭಯ ಇರಬೇಕು. ಐಸಿಎಂ ಅಂದರೆ ಏನು ಅಂತಲೇ ಗೊತ್ತಿಲ್ಲದವರು, "ಇಷ್ಟು ಹೊತ್ತು ಆಡಿದ್ದು ಸಾಕು, ಮನೆಗೆ ಹೋಗೋಣ" ಅನ್ನುವವರು, ಕಿಂಗ್-9ಕ್ಕೂ ಕಾಲ್ ಅನ್ನುತ್ತಾರೆ. ಅವರು ಮಾಡಿದ್ದು ತಪ್ಪು, ಆದರೆ ಆ ತಪ್ಪಿಗೆ ಅವರ ಜೊತೆ ನೀವೂ ದಂಡ ಕಟ್ಟುತ್ತೀರಿ. ಲಾಭ ಪಕ್ಕದವರಿಗೆ. ಹಾಗಾಗಿ ಕಳೆದ ಒಂದು ಗಂಟೆಯಲ್ಲಿ ಯಾರು ಯಾವ ಎಲೆಗೆ ಕಾಲ್ ಮಾಡಿ ತೋರಿಸಿದ್ದಾರೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅಂಥವರ ಬ್ಲೈಂಡ್ ಮೇಲೆ ಖಾಲಿ ಕೈ ಇಟ್ಟುಕೊಂಡು ಹೋಗಬೇಡಿ, ಒಳ್ಳೆಯ ಕೈ ಬಂದಾಗ ಮಾತ್ರ ಹೋಗಿ.

ಐದನೇ ಹೆಜ್ಜೆ: ನಿಮ್ಮ ಸ್ಟ್ಯಾಕ್‌ಗೆ ತಕ್ಕ ಹಾಗೆ ಆಡಿ

ದೊಡ್ಡ ಸ್ಟ್ಯಾಕ್ ಇದ್ದರೆ ಕೆಲಸ ಸುಲಭ. ಮಧ್ಯದ ಸ್ಟ್ಯಾಕ್‌ನವರ ಮೇಲೆ ಒತ್ತಡ ಹಾಕಿ. ಅವರಿಗೆ ಹೊರಬೀಳುವ ಹೆದರಿಕೆ ಎಲ್ಲರಿಗಿಂತ ಜಾಸ್ತಿ. ತೀರಾ ಚಿಕ್ಕವರ ಮೇಲೆ ಸುಮ್ಮಸುಮ್ಮನೆ ಹೋಗಬೇಡಿ. ಅವರು ಹೇಗೂ ಆಡುವ ಸ್ಥಿತಿಯಲ್ಲಿದ್ದಾರೆ, ಫೋಲ್ಡ್ ಸಿಗುವುದಿಲ್ಲ. ಜೊತೆಗೆ ಇನ್ನೊಂದು ಕಿಲಾಡಿ ಲೆಕ್ಕ: ಚಿಕ್ಕವರು ಉಳಿದಷ್ಟು ಹೊತ್ತು ಬಬಲ್ ಉಳಿಯುತ್ತದೆ, ಬಬಲ್ ಉಳಿದಷ್ಟು ಹೊತ್ತು ನಿಮ್ಮ ಸುಗ್ಗಿ. ಹಾಗಂತ ಒಳ್ಳೆಯ ಕೈ ಬಂದಾಗ ಅವರನ್ನು ಬಿಡಬೇಕು ಅಂತಲ್ಲ. ಇನ್ನೊಬ್ಬ ದೊಡ್ಡ ಸ್ಟ್ಯಾಕ್‌ನವರ ಜೊತೆ ಮಾತ್ರ ಹುಷಾರು. ನಿಮ್ಮ ಅನುಕೂಲವನ್ನೆಲ್ಲ ಒಂದೇ ಪಾಟ್‌ನಲ್ಲಿ ಕಳೆಯಬಲ್ಲವರು ಅವರೊಬ್ಬರೇ.

ಮಧ್ಯದ ಸ್ಟ್ಯಾಕ್ ಅಂದರೆ ಬಬಲ್‌ನ ಅತಿ ಕಷ್ಟದ ಕುರ್ಚಿ. 28.7 ಪಾಲು ಕೈಯಲ್ಲಿದೆ, 2 ಬ್ಲೈಂಡ್ ಇರುವವರು ಇನ್ನೂ ಬದುಕಿದ್ದಾರೆ, ಅವರಿಗಿಂತ ಮೊದಲು ಹೊರಬಿದ್ದರೆ ಅದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ. ದೊಡ್ಡವರ ಜೊತೆ ದೊಡ್ಡ ಪಾಟ್ ಬೇಡ. ನಿಮಗಿಂತ ಚಿಕ್ಕವರ ಮೇಲೆ, ಅದರಲ್ಲೂ ಬಟನ್ ಮತ್ತು ಸ್ಮಾಲ್ ಬ್ಲೈಂಡ್‌ನಿಂದ, ಧೈರ್ಯವಾಗಿ ಹೋಗಿ. ಬರೀ ಕಾದು ಕೂತರೆ 25 ಬ್ಲೈಂಡ್ ಇದ್ದದ್ದು 14 ಆಗುತ್ತದೆ, ಆಮೇಲೆ ನೀವೇ ಆ ಚಿಕ್ಕವರ ಸಾಲಿಗೆ ಸೇರುತ್ತೀರಿ.

ಚಿಕ್ಕ ಸ್ಟ್ಯಾಕ್‌ನಲ್ಲಿ ನೋಡಬೇಕಾದ ಗಡಿ ಒಂದೇ: ನೀವು ತಳ್ಳಿದರೆ ಯಾರಾದರೂ ಫೋಲ್ಡ್ ಮಾಡುತ್ತಾರಾ? 6 ಬ್ಲೈಂಡ್ ಇದ್ದಾಗ ಮಾಡುತ್ತಾರೆ. 2 ಇದ್ದಾಗ ಬಿಗ್ ಬ್ಲೈಂಡ್‌ನವರು ಎಲೆ ನೋಡದೆಯೂ ಕಾಲ್ ಅನ್ನಬಹುದು. ಹಾಗಾಗಿ 5-6 ಇರುವಾಗಲೇ ಜಾಗ ನೋಡಿ ತಳ್ಳಬೇಕು. ಇದಕ್ಕೆ ಅಪವಾದ ಒಂದಿದೆ: ನಿಮಗಿಂತ ಚಿಕ್ಕವರು ಇಬ್ಬರು-ಮೂವರು ಇದ್ದು, ಅವರಿಗೆ ನಿಮಗಿಂತ ಮೊದಲು ಬ್ಲೈಂಡ್ ಬರುತ್ತಿದ್ದರೆ, ಕಾಯುವುದಕ್ಕೆ ಬೆಲೆ ಇದೆ.

ನಿಜವಾಗಿಯೂ ಕಷ್ಟದ ಕೈಗಳು

ಮೊದಲು ಆರಂಭದ ಏಸ್-ಕಿಂಗ್. 46 ಜನ, 45 ಬಹುಮಾನ, ನಿಮ್ಮ ಹತ್ತಿರ 22 ಬ್ಲೈಂಡ್, ತಳ್ಳಿದವರ ಹತ್ತಿರ 60. ದೊಡ್ಡ ಟೂರ್ನಮೆಂಟ್‌ನಲ್ಲಿ ಒತ್ತಡ ನಾಲ್ಕು ಜನರ ಉದಾಹರಣೆಯಷ್ಟು ಇರುವುದಿಲ್ಲ, ಯಾಕೆ ಅಂದರೆ ಕೊನೆಯ ಬಹುಮಾನ ಒಟ್ಟು ಹಣದಲ್ಲಿ ಬಹಳ ಚಿಕ್ಕ ಪಾಲು. ಆದರೂ 50ಕ್ಕಿಂತ ಸಾಕಷ್ಟು ಜಾಸ್ತಿ ಬೇಕು. ಇಲ್ಲಿ ಕೇಳಬೇಕಾದದ್ದು ಅವರು ಏನಿಟ್ಟುಕೊಂಡು ತಳ್ಳುತ್ತಾರೆ ಅನ್ನುವುದು. ಅರ್ಧ ಗಂಟೆಯಿಂದ ಎರಡು ಕೈಗೊಮ್ಮೆ ತಳ್ಳುತ್ತಿದ್ದರೆ ಅವರ ಹತ್ತಿರ ಏಸ್-7, ಕಿಂಗ್-ಜ್ಯಾಕ್ ಕೂಡ ಇರುತ್ತವೆ, ಏಸ್-ಕಿಂಗ್ ಅವನ್ನು ಹಿಂಡುತ್ತದೆ. ಕಾಲ್ ಮಾಡಿ. ಇಡೀ ದಿನ ಬಿಗಿಯಾಗಿ ಆಡಿದವರು ಮೊದಲ ಸಲ ತಳ್ಳಿದ್ದಾರೆ ಅಂದರೆ ಜೋಡಿ ಕ್ವೀನ್, ಜೋಡಿ ಜ್ಯಾಕ್ ತರದ್ದು. ಜೋಡಿ ಕ್ವೀನ್ ಎದುರು ಏಸ್-ಕಿಂಗ್ ಗೆಲ್ಲುವುದು 43ರಿಂದ 46 ಸಲ. ನಾನಾದರೆ ಬಿಡುತ್ತೇನೆ, ಹೊಟ್ಟೆ ಉರಿದರೂ.

ಜೋಡಿ ಏಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಾಮೂಲಿ ಟೂರ್ನಮೆಂಟ್‌ನಲ್ಲಿ ಒಬ್ಬರ ಆಲ್-ಇನ್‌ಗೆ ಜೋಡಿ ಏಸ್ ಫೋಲ್ಡ್ ಮಾಡುವ ಮಾತೇ ಇಲ್ಲ. ಯಾವುದೇ ಎರಡು ಎಲೆ ಎದುರು ಅದು 85 ಸಲ ಗೆಲ್ಲುತ್ತದೆ. ಮೇಲೆ ನೋಡಿದ ಕೆಟ್ಟ ಸ್ಥಿತಿಯಲ್ಲೂ ಬೇಕಿದ್ದದ್ದು 76.

ಇನ್ನೊಂದು: ನಿಮ್ಮ ಹತ್ತಿರ 4 ಬ್ಲೈಂಡ್, ಮೊದಲು ಆಡಬೇಕಾದ ಜಾಗ, ಕಿಂಗ್-9. ಮುಂದಿನ ಹ್ಯಾಂಡ್‌ನಲ್ಲಿ ನೀವೇ ಬಿಗ್ ಬ್ಲೈಂಡ್. ಇಲ್ಲಿ ಉತ್ತರ ಪೂರ್ತಿಯಾಗಿ ಬೇರೆ ಮೇಜುಗಳಲ್ಲಿದೆ. 1 ಬ್ಲೈಂಡ್ ಇರುವವರು ಈಗಲೇ ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದಾರೆ ಅಂತ ಗೊತ್ತಿದ್ದರೆ ಫೋಲ್ಡ್. ನೀವೇ ಎಲ್ಲರಿಗಿಂತ ಚಿಕ್ಕವರಾಗಿದ್ದರೆ ಬ್ಲೈಂಡ್ ನುಂಗಿ ಹಾಕುವ ಮೊದಲು ತಳ್ಳುವುದೇ ವಾಸಿ, ಹಿಂದೆ ಎಂಟು ಜನ ಇದ್ದರೂ. ಇಲ್ಲಿ ಒಳ್ಳೆಯ ಆಯ್ಕೆ ಅಂತ ಯಾವುದೂ ಇಲ್ಲ. ಕಡಿಮೆ ಕೆಟ್ಟದ್ದನ್ನು ಆರಿಸಬೇಕು ಅಷ್ಟೇ.

ಒಬ್ಬರು ಆಲ್-ಇನ್, ಇನ್ನೊಬ್ಬರು ಕಾಲ್, ನಿಮ್ಮ ಕೈಯಲ್ಲಿ ಜೋಡಿ ಜ್ಯಾಕ್. ಬಹುತೇಕ ಸಲ ಫೋಲ್ಡ್. ಒಬ್ಬರು ಹೊರಬೀಳುವ ಸಾಧ್ಯತೆ ಆಗಲೇ ಇದೆ, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ.

ಫ್ಲಾಪ್ ಆದ ಮೇಲೆ

ಬಬಲ್ ಅಂದರೆ ಬರೀ ಪ್ರೀ-ಫ್ಲಾಪ್ ಆಲ್-ಇನ್ ಅಂತ ತಿಳಿದವರು ಚಿಪ್ಸ್ ಕಳೆದುಕೊಳ್ಳುವುದು ಇಲ್ಲಿ. ನಿಮಗಿಂತ ದೊಡ್ಡವರ ಎದುರು ಒಂದು ಜೋಡಿ ಇಟ್ಟುಕೊಂಡು ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಬೆಟ್ ಕಾಲ್ ಮಾಡಬೇಡಿ. ರಿವರ್‌ನಲ್ಲಿ ನಿಮ್ಮ ಟೂರ್ನಮೆಂಟ್ ಜೀವವನ್ನೇ ಕೇಳುವ ಬೆಟ್ ಬರಬಹುದು ಅಂತ ಫ್ಲಾಪ್‌ನಲ್ಲೇ ಅಂದಾಜು ಮಾಡಿ. ಬರುವುದಾದರೆ ಪಾಟ್ ಚಿಕ್ಕದಾಗಿರುವಾಗಲೇ ಬಿಡುವುದು ಅಗ್ಗ. ಫ್ಲಶ್ ಡ್ರಾ ಬೆಲೆಯೂ ಇಳಿಯುತ್ತದೆ. ಎರಡು ಎಲೆ ಬಾಕಿ ಇದ್ದಾಗ ಅದು ಕೂಡುವುದು ಸುಮಾರು 35 ಸಲ. 60 ಬೇಕಾದ ಜಾಗದಲ್ಲಿ 35 ಇಟ್ಟುಕೊಂಡು ಕಾಲ್ ಮಾಡಲು ಆಗುವುದಿಲ್ಲ. ನೀವೇ ದೊಡ್ಡವರಾಗಿದ್ದರೆ ಚಿಕ್ಕ ಬೆಟ್ ಸಾಕು, ಮಧ್ಯದವರು ಅಷ್ಟಕ್ಕೇ ಬಿಟ್ಟುಕೊಡುತ್ತಾರೆ.

ಹ್ಯಾಂಡ್-ಫಾರ್-ಹ್ಯಾಂಡ್ ಶುರುವಾದಾಗ

ಬಬಲ್ ಹತ್ತಿರ ಬಂದಾಗ ಎಲ್ಲ ಮೇಜಿನಲ್ಲೂ ಒಂದೊಂದೇ ಹ್ಯಾಂಡ್ ಹಂಚಿ, ಎಲ್ಲ ಮುಗಿಯುವ ತನಕ ಕಾಯಿಸುತ್ತಾರೆ. ಈಗ ಬೇಕಂತಲೇ ನಿಧಾನ ಮಾಡಿದರೆ ಏನೂ ಉಪಯೋಗ ಇಲ್ಲ. ಅದಕ್ಕೂ ಮೊದಲು ಪ್ರತಿ ಹ್ಯಾಂಡ್‌ಗೂ ಬೇಕಂತಲೇ ಸಮಯ ಎಳೆಯುವವರಿದ್ದಾರೆ. ಸ್ವಲ್ಪ ಲಾಭ ಇದೆ ನಿಜ, ಆದರೆ ಅದು ಕೆಟ್ಟ ನಡತೆ, ದಂಡನೆಯೂ ಬೀಳಬಹುದು.

ನಿಯಮದ ಒಂದು ಮೂಲೆ ತಿಳಿದಿರಲಿ. ಹ್ಯಾಂಡ್-ಫಾರ್-ಹ್ಯಾಂಡ್‌ನಲ್ಲಿ ಬೇರೆ ಬೇರೆ ಮೇಜಿನ ಇಬ್ಬರು ಒಂದೇ ಸುತ್ತಿನಲ್ಲಿ ಹೊರಬಿದ್ದರೆ ಸಾಮಾನ್ಯವಾಗಿ ಆ ಸ್ಥಾನದ ಬಹುಮಾನ ಹಂಚಿಕೆಯಾಗುತ್ತದೆ. ಒಂದೇ ಮೇಜಿನಲ್ಲಿ ಒಂದೇ ಹ್ಯಾಂಡ್‌ನಲ್ಲಾದರೆ, ಹ್ಯಾಂಡ್ ಶುರುವಾದಾಗ ಜಾಸ್ತಿ ಚಿಪ್ಸ್ ಇದ್ದವರಿಗೆ ಮೇಲಿನ ಸ್ಥಾನ.

ಚಿಕ್ಕವರು ಆಲ್-ಇನ್ ಆಗಿ ಇಬ್ಬರು ಕಾಲ್ ಮಾಡಿದಾಗ ಆ ಇಬ್ಬರೂ ಸುಮ್ಮನೆ ಚೆಕ್ ಮಾಡುತ್ತಾ ಹೋಗುವುದು ಮಾಮೂಲಿ, ತಪ್ಪಲ್ಲ. ಆದರೆ "ಚೆಕ್ ಮಾಡೋಣ್ವಾ" ಅಂತ ಬಾಯಿ ಬಿಟ್ಟು ಕೇಳಿದರೆ ಅದು ಒಳಒಪ್ಪಂದ, ನಿಯಮಕ್ಕೆ ವಿರುದ್ಧ.

ಲೆಕ್ಕ ಬದಲಾಗುವ ಜಾಗಗಳು

ಸ್ಯಾಟಲೈಟ್‌ನಲ್ಲಿ ಎಲ್ಲ ಬಹುಮಾನವೂ ಒಂದೇ, ದೊಡ್ಡ ಟೂರ್ನಮೆಂಟ್‌ನ ಒಂದು ಸೀಟ್. ನಾಲ್ಕು ಜನ, ಮೂರು ಸೀಟ್, ಸಮ ಸ್ಟ್ಯಾಕ್ ಅಂದರೆ ನಿಮ್ಮ ಹತ್ತಿರ ಆಗಲೇ 75 ಪಾಲು ಸೀಟ್ ಇದೆ. ಆಲ್-ಇನ್ ಗೆದ್ದರೆ 100. ಹಾಗಾಗಿ 75 ಸಲ ಗೆಲ್ಲಬೇಕು. ಚಿಪ್ಸ್ ಇನ್ನೂ ಜಾಸ್ತಿ ಇದ್ದು ಸೀಟ್ 95 ಪಾಲು ಖಚಿತ ಅಂತಾದರೆ, ನಿಮ್ಮನ್ನು ಹೊರಹಾಕಬಲ್ಲವರ ಆಲ್-ಇನ್‌ಗೆ ಜೋಡಿ ಏಸ್ ಕೂಡ ಫೋಲ್ಡ್. 85 ಇಟ್ಟುಕೊಂಡು 95ನ್ನು ಪಣಕ್ಕಿಡುವುದು ಯಾವ ಜಾಣತನ?

ಬೌಂಟಿ ಟೂರ್ನಮೆಂಟ್‌ನಲ್ಲಿ ಉಲ್ಟಾ. ಒಬ್ಬರನ್ನು ಹೊರಹಾಕಿದರೆ ತಕ್ಷಣ ದುಡ್ಡು ಸಿಗುವುದರಿಂದ ಕಾಲ್ ಮಾಡಲು ಕಾರಣ ಹೆಚ್ಚುತ್ತದೆ. ಆದರೆ ನೀವು ಅವರಿಗಿಂತ ಜಾಸ್ತಿ ಚಿಪ್ಸ್ ಇಟ್ಟುಕೊಂಡಿದ್ದಾಗ ಮಾತ್ರ ಆ ಬೌಂಟಿ ನಿಮಗೆ.

ತುಂಬ ದೊಡ್ಡ ಟೂರ್ನಮೆಂಟ್‌ನಲ್ಲಿ ಕೊನೆಯ ಬಹುಮಾನಕ್ಕೆ ಅಂಟಿಕೊಳ್ಳುವುದೂ ತಪ್ಪೇ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ 2024ರ ಮೇನ್ ಇವೆಂಟ್ ನೋಡಿ. 10,000 ಡಾಲರ್ ಪ್ರವೇಶ ಶುಲ್ಕ, 10,112 ಜನ, 1,517 ಜನಕ್ಕೆ ಬಹುಮಾನ. ಕೊನೆಯ ಬಹುಮಾನ 15,000 ಡಾಲರ್, ಮೊದಲನೆಯದು 1 ಕೋಟಿ ಡಾಲರ್. 60 ಬ್ಲೈಂಡ್ ಇಟ್ಟುಕೊಂಡವರು ಆ 15,000ಕ್ಕಾಗಿ ಒಂದು ಗಂಟೆ ಫೋಲ್ಡ್ ಮಾಡುತ್ತಾ ಕೂತರೆ, ಮೇಲೆ ಹೋಗಲು ಬೇಕಾದ ಚಿಪ್ಸನ್ನು ಅಕ್ಕಪಕ್ಕದವರಿಗೆ ದಾನ ಮಾಡಿದ ಹಾಗೆ. 3 ಬ್ಲೈಂಡ್ ಇರುವವರಿಗೆ ಅದೇ 15,000 ಬಹಳ ದೊಡ್ಡದು. ಕಡಿಮೆ ದುಡ್ಡಿನ ಸ್ಯಾಟಲೈಟ್ ಗೆದ್ದು ಅಲ್ಲಿಗೆ ಬಂದವರು, ಆ ಹಣದಿಂದ ಜೀವನದಲ್ಲಿ ವ್ಯತ್ಯಾಸ ಆಗುವವರು, ಸ್ವಲ್ಪ ಜಾಸ್ತಿ ಬಿಗಿಯಾಗಿ ಆಡಿದರೆ ನಾನಂತೂ ತಪ್ಪು ಅನ್ನುವುದಿಲ್ಲ. ಕ್ಯಾಲ್ಕುಲೇಟರ್‌ಗೆ ಮನೆಯ ಕಷ್ಟ ಕಾಣುವುದಿಲ್ಲವಲ್ಲ.

ಬಬಲ್ ಒಡೆದ ಕೂಡಲೇ

ಚಪ್ಪಾಳೆ ಬೀಳುತ್ತದೆ, ಮುಂದಿನ ಹ್ಯಾಂಡ್‌ನಿಂದಲೇ ಮೇಜು ಬದಲಾಗುತ್ತದೆ. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಚಿಕ್ಕವರೆಲ್ಲ ಏಸ್-3, ಕಿಂಗ್-8 ಇಟ್ಟುಕೊಂಡು ತಳ್ಳಲು ಶುರು ಮಾಡುತ್ತಾರೆ. ಹತ್ತು ನಿಮಿಷದ ಹಿಂದೆ ನೀವು ಸರಿಯಾಗಿಯೇ ಬಿಟ್ಟಿದ್ದ ಏಸ್-ಜ್ಯಾಕ್, ಜೋಡಿ 8 ಈಗ ಸಲೀಸಾಗಿ ಕಾಲ್. ಕದಿಯಲು ಹೋಗುವುದನ್ನು ಮಾತ್ರ ಕಡಿಮೆ ಮಾಡಿ, ಈಗ ಯಾರೂ ಹೆದರುವುದಿಲ್ಲ. ಬಹುಮಾನದ ಪಟ್ಟಿ ಮತ್ತೊಮ್ಮೆ ತೆಗೆದು, ಮುಂದಿನ ದೊಡ್ಡ ಜಿಗಿತ ಎಷ್ಟನೇ ಸ್ಥಾನದಲ್ಲಿದೆ ಅಂತ ನೋಡಿಕೊಳ್ಳಿ. ಅಲ್ಲಿಗೆ ಹತ್ತಿರವಾದಾಗ ಇದೇ ಲೆಕ್ಕ ಮತ್ತೆ ಶುರು. ಫೈನಲ್ ಟೇಬಲ್‌ನಲ್ಲಂತೂ ಒಂದೊಂದು ಸ್ಥಾನಕ್ಕೂ ಇದೇ ಗೋಳು.